ಅಜ್ಜನ ಹೆಸರು ಇತ್ತು, ಅಜ್ಜಿ ಹೆಸರು ಇರಲಿಲ್ಲ

ಇವತ್ತಿನ ಎಪಿಸೋಡನ್ನ ನಮ್ಮ ಮನೆ ಕಥೆಯಿಂದಲೇ ಶುರು ಮಾಡ್ತೀನಿ. 2023ರ ವಿಧಾನಸಭಾ ಚುನಾವಣೆ ದಿನ ಅಜ್ಜಿಯನ್ನ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಬೂತ್‌ಗೆ ಹೋಗಿದ್ದೆ. ಪಟ್ಟಿಯಲ್ಲಿ ಅಜ್ಜಿ ಹೆಸರಿಲ್ಲ. ಎರಡು ಸಲ ಹುಡುಕಿಸಿದೆ, ಇಲ್ಲ. ಆದ್ರೆ ಅಜ್ಜನ ಹೆಸರು ಫೋಟೋ ಸಮೇತ ಇತ್ತು. ಅಜ್ಜ ತೀರಿಕೊಂಡು ಆಗಲೇ ಐದು ವರ್ಷ ಆಗಿತ್ತು.

ದಾರೀಲಿ ಅಜ್ಜಿ ಕೇಳಿದ್ರು: "ಸತ್ತೋರಿಗೆ ಓಟಿದೆ, ಬದುಕಿರೋಳಿಗೆ ಇಲ್ವೇನೋ?"

ಈ ಪ್ರಶ್ನೆ ನಮ್ಮ ಮೊದಲ ಚುನಾವಣೆಯಷ್ಟೇ ಹಳೆಯದು. 1951-52ರಲ್ಲಿ ಸುಮಾರು 17.3 ಕೋಟಿ ಮತದಾರರ ಪಟ್ಟಿ ತಯಾರಾಯ್ತು. ಮನೆಮನೆಗೆ ಹೋದ ಸಿಬ್ಬಂದಿಗೆ ಒಂದು ವಿಚಿತ್ರ ತೊಂದರೆ ಎದುರಾಯ್ತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದಂಥ ಕಡೆ ಎಷ್ಟೋ ಹೆಂಗಸರು ಅಪರಿಚಿತರ ಮುಂದೆ ತಮ್ಮ ಹೆಸರು ಹೇಳಲೇ ಇಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಇಲ್ಲದಿದ್ದರೆ ಮತದಾರ್ತಿ ಯಾರು ಅಂತ ಗುರುತಿಸೋದು ಹೇಗೆ? ಕೊನೆಗೆ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗೆ ಉಳಿದರು. ನಿಯಮ ಸರಿಯಾಗೇ ಇತ್ತು. ಓಟು ಕಳೆದುಕೊಂಡವರು ಮಾತ್ರ ನಿಜವಾದ, ಬದುಕಿದ್ದ ಹೆಂಗಸರು.

ಹಾಗಾದ್ರೆ ಸತ್ತವರ ಹೆಸರು ಪಟ್ಟಿಯಲ್ಲಿ ಯಾಕೆ ಉಳಿಯುತ್ತೆ? ಹೆಚ್ಚಿನ ಸಲ ಇದಕ್ಕೆ ಪಿತೂರಿ ಏನೂ ಬೇಕಿಲ್ಲ. ಮನೇಲಿ ಸಾವಾದಾಗ ಫಾರ್ಮ್ 7 ತುಂಬಬೇಕು ಅಂತ ಯಾರಿಗೆ ನೆನಪಾಗುತ್ತೆ ಹೇಳಿ. ನಮಗೂ ಆಗಲಿಲ್ಲ. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು ಇಲ್ಲಿ ಹೊಸದಾಗಿ ಹೆಸರು ಸೇರಿಸ್ತಾರೆ, ಊರಿನ ಹೆಸರು ಹಾಗೇ ಇರುತ್ತೆ.

ಆ ಹೆಸರು ಕಳ್ಳ ಓಟಾಗಬೇಕಾದ್ರೆ ಇನ್ನೂ ಕೆಲವು ಬಾಗಿಲು ದಾಟಬೇಕು. ಒಬ್ಬ ಮನುಷ್ಯ ಬೂತ್‌ಗೆ ಬರಬೇಕು, ಗುರುತಿನ ಚೀಟಿ ತೋರಿಸಬೇಕು. ಪಕ್ಷಗಳ ಏಜೆಂಟರು ಅಲ್ಲೇ ಕೂತಿರ್ತಾರೆ. ಅನುಮಾನ ಬಂದ್ರೆ 2 ರೂಪಾಯಿ ಕಟ್ಟಿ ಆಕ್ಷೇಪಣೆ ಹಾಕಬಹುದು. ಕೊನೆಗೆ ಬೆರಳಿಗೆ ಶಾಯಿ. 1962ರ ಚುನಾವಣೆಯಿಂದ ಅದನ್ನು ತಯಾರಿಸ್ತಾ ಇರೋದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ. ಪಟ್ಟಿಯಲ್ಲಿ ಎರಡು ಕಡೆ ಹೆಸರಿದ್ರೂ ಬೆರಳು ಒಂದೇ ತಾನೇ! ಹಾಗಂತ ಅಪಾಯವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಬೂತ್‌ನಲ್ಲಿರೋರೇ ಶಾಮೀಲಾದ್ರೆ ಹಳೆಯ ಹೆಸರುಗಳೇ ಬಂಡವಾಳ. ಆ ಭಯದಿಂದಲೇ 1993ರಲ್ಲಿ ಟಿ.ಎನ್. ಶೇಷನ್ ಫೋಟೋ ಇರುವ ಗುರುತಿನ ಚೀಟಿ ಬೇಕು ಅಂತ ಪಟ್ಟು ಹಿಡಿದರು.

ಆದರೆ ಪಟ್ಟಿ ಶುಚಿ ಮಾಡೋಕೆ ಹೊರಟಾಗ ಇನ್ನೊಂದು ಅಪಾಯ ಶುರುವಾಗುತ್ತೆ. ದೆಹಲಿ, ಮುಂಬೈಗಳಲ್ಲಿ ಎಷ್ಟೋ ಜನರಿಗೆ ನೀವು ಭಾರತೀಯರು ಅಂತ ಸಾಬೀತು ಮಾಡಿ ಅಂದಾಗ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯ್ತು. 1995ರ ತೀರ್ಪಿನ ಸಾರ ಇಷ್ಟು: ಮೊದಲೇ ಪಟ್ಟಿಯಲ್ಲಿರೋ ಹೆಸರಿಗೆ ಬೆಲೆ ಇದೆ. ತೆಗೆಯೋ ಮುಂಚೆ ನೋಟಿಸ್ ಕೊಡಿ, ಅವರ ಮಾತು ಕೇಳಿ.

ಮೂವತ್ತು ವರ್ಷ ಆದಮೇಲೆ ಅದೇ ಮಾತು ಮತ್ತೆ ಬಂತು. 2025ರಲ್ಲಿ ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆ ನಡೀತು. 7.89 ಕೋಟಿ ಇದ್ದ ಪಟ್ಟಿ ಕರಡಿನಲ್ಲಿ 7.24 ಕೋಟಿಗೆ ಇಳಿಯಿತು. ತೀರಿಕೊಂಡವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಅಂತ ಆಯೋಗ ಹೇಳಿತು. ಬಡವರು, ವಲಸೆ ಹೋದವರ ಓಟು ಹೋಗುತ್ತೆ ಅಂತ ವಿರೋಧಿಗಳು ಕೋರ್ಟಿಗೆ ಹೋದರು. ಬಿಟ್ಟುಹೋದ 65 ಲಕ್ಷ ಹೆಸರುಗಳನ್ನ ಕಾರಣ ಸಮೇತ ಪ್ರಕಟಿಸಿ ಅಂತ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಿತು. ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಹೆಸರಿದ್ದವು.

ಪಟ್ಟಿ ಶುಚಿ ಮಾಡೋ ಅರ್ಜಿಯನ್ನೇ ತಪ್ಪಾಗಿ ಬಳಸಬಹುದು ಅನ್ನೋದಕ್ಕೆ ನಮ್ಮ ಕಲಬುರಗಿ ಜಿಲ್ಲೆಯ ಆಳಂದ ನೋಡಿ. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಅಧಿಕಾರಿಗಳು ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24. ಹಿಂದೆ ಯಾರಿದ್ದರು ಅನ್ನೋದು ತನಿಖೆಯ ವಿಷಯ. ನಾನು ಗಮನಿಸಿದ್ದು ಒಂದೇ: ಯಾರೋ ಹೋಗಿ ಪರಿಶೀಲಿಸಿದ್ದಕ್ಕೆ ಉಳಿದ ಹೆಸರುಗಳು ಬಚಾವಾದವು.

ಸತ್ತವರ ಹೆಸರು ಉಳಿದರೆ ಮೋಸಕ್ಕೆ ಅವಕಾಶ ಸಿಗಬಹುದು, ತಡೆಯೋಕೆ ಇನ್ನೂ ದಾರಿ ಇರುತ್ತೆ. ಬದುಕಿರೋರ ಹೆಸರು ಹೋದ್ರೆ ಓಟು ಅಲ್ಲೇ ಹೋಯ್ತು. ಬೂತ್ ಬಾಗಿಲಲ್ಲಿ ಅದನ್ನು ವಾಪಸ್ ಕೊಡೋರು ಯಾರೂ ಇಲ್ಲ. ಪಟ್ಟಿ ಶುಚಿಯಾಗಲಿ, ಆದರೆ ಮನೆ ಬಾಗಿಲು ತಟ್ಟಿ, ಕೇಳಿ, ಆಮೇಲೆ.

ಆ ಚುನಾವಣೆ ಆದಮೇಲೆ ಅಜ್ಜಿಗೆ ಫಾರ್ಮ್ 6 ತುಂಬಿದೆ. ಅಜ್ಜನದ್ದು ಫಾರ್ಮ್ 7. ಮರಣ ಪತ್ರ ತಂದುಕೊಟ್ಟ ಅಜ್ಜಿ ಸ್ವಲ್ಪ ಹೊತ್ತು ಅದನ್ನ ಕೈಯಲ್ಲೇ ಹಿಡ್ಕೊಂಡಿದ್ರು. "ಅದೊಂದ್ರಲ್ಲಾದ್ರೂ ಇನ್ನೂ ಇದ್ರಲ್ಲೋ" ಅಂದ್ರು. ಆಮೇಲೆ ಕೊಟ್ಟರು.

2024ರಲ್ಲಿ ಅಜ್ಜಿ ಓಟು ಹಾಕಿದ್ರು. ನಿಮ್ಮ ಮನೆಯ ಹಿರಿಯರ ಹೆಸರು ಇದೆಯಾ? ಫೋನ್ ಹೇಗೂ ಕೈಯಲ್ಲೇ ಇದೆ, ಈಗಲೇ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.