ಸತ್ತೇಗಾಲದ ಚರಿತ್ರೆಯೂ ಜಾಲತಾಣದ ಉಪಾಂಗಗಳೂ

ಶಿವನಸಮುದ್ರಕ್ಕೆ ಸಮೀಪದಲ್ಲಿರುವ ಸತ್ತೇಗಾಲವು ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ ಗ್ರಾಮ. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ತಾಲ್ಲೂಕು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅನಂತರ ಮೈಸೂರು ಜಿಲ್ಲೆಗೂ, ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಗೂ ಸೇರಿತು. ಆದುದರಿಂದ ಇಲ್ಲಿಯ ಗ್ರಾಮಚರಿತ್ರೆಯನ್ನು ಬರೆಯಹೊರಟವರು ಕನ್ನಡ, ತಮಿಳು, ಇಂಗ್ಲಿಷ್ ಈ ಮೂರು ಭಾಷೆಗಳ ಸಾಮಗ್ರಿಯನ್ನೂ ನೋಡಬೇಕಾಗುತ್ತದೆ. ಅಂಥ ಸಾಮಗ್ರಿಯನ್ನು ಜಾಲತಾಣದಲ್ಲಿ ಇರಿಸಿದರೆ ಅದು ಎಷ್ಟು ಕಾಲ ಉಳಿದೀತೆಂಬುದು ಮೂಲ ತಂತ್ರಾಂಶವನ್ನು ಮಾತ್ರವಲ್ಲದೆ ಅದಕ್ಕೆ ಕೂಡಿಸಿದ ಉಪಾಂಗಗಳನ್ನೂ ಅವಲಂಬಿಸಿರುತ್ತದೆ. ಈ ಉಪಾಂಗಗಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ದ್ರುಪಲ್‌ನಲ್ಲಿ ಮಾಡ್ಯೂಲ್, ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್, ಮೀಡಿಯಾವಿಕಿಯಲ್ಲಿ ಎಕ್ಸ್‌ಟೆನ್ಷನ್ ಎಂದು ಕರೆಯುವುದೆಲ್ಲವೂ ಉಪಾಂಗವೇ. ೨೦೦೩ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್, ೨೦೦೪ರ ತನ್ನ ೧.೨ನೆಯ ಆವೃತ್ತಿಯಲ್ಲಿ ಪ್ಲಗಿನ್ನುಗಳಿಗೆ ಅವಕಾಶ ಕೊಟ್ಟಿತು. ಮೂಲ ತಂತ್ರಾಂಶವು ತನ್ನ ಕಾರ್ಯದ ಗೊತ್ತಾದ ಹಂತಗಳಲ್ಲಿ ಬೇರೆಯವರ ಆಜ್ಞೆಗಳಿಗೆ ಎಡೆಮಾಡಿಕೊಡುತ್ತದೆ. ಉಪಾಂಗವು ಅಲ್ಲಿ ಸೇರಿಕೊಳ್ಳುತ್ತದೆ. ಮೂಲವನ್ನು ತಿದ್ದದೆಯೇ ಹೊಸ ಸೌಕರ್ಯವನ್ನು ಪಡೆಯುವುದೇ ಈ ವ್ಯವಸ್ಥೆಯ ಪ್ರಯೋಜನ.

ಕನ್ನಡಕ್ಕೆ ಇದರಿಂದಾದ ಉಪಕಾರ ಅಲ್ಪವಲ್ಲ. ಕನ್ನಡ ವಿಕಿಪೀಡಿಯ ೨೦೦೩ರಲ್ಲಿ ಆರಂಭವಾಯಿತು. ೨೦೧೧ರಲ್ಲಿ ವಿಕಿಮೀಡಿಯ ತಾಣಗಳಿಗೆ ಬಂದ ‘ನಾರಾಯಂ’ ಎಂಬ ಉಪಾಂಗವು ಭಾರತೀಯ ಲಿಪಿಗಳನ್ನು ತಾಣದಲ್ಲಿಯೇ ಟೈಪು ಮಾಡಲು ಅನುಕೂಲ ಕಲ್ಪಿಸಿತು. ಅದೇ ವರ್ಷದ ‘ವೆಬ್‌ಫಾಂಟ್ಸ್’ ಓದುಗನ ಯಂತ್ರದಲ್ಲಿ ಇಲ್ಲದ ಅಕ್ಷರರೂಪಗಳನ್ನು ಒದಗಿಸಿತು. ೨೦೧೩ರಲ್ಲಿ ಇವೆರಡರ ಸ್ಥಾನವನ್ನೂ ‘ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್’ ವಹಿಸಿಕೊಂಡಿತು. ಉಪಾಂಗಗಳು ಬದಲಾದರೂ ಬರೆದ ಕನ್ನಡ ಕೆಡಲಿಲ್ಲ. ಏಕೆಂದರೆ ಬರೆಹವು ಯೂನಿಕೋಡಿನಲ್ಲಿತ್ತು. ಒಂದೊಂದು ಫಾಂಟಿಗೆ ಅಂಟಿಕೊಂಡಿದ್ದ ಹಿಂದಿನ ಸಂಕೇತಗಳಲ್ಲಿ ಬರೆದ ಲೇಖನಗಳು ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರರಾಶಿಯಾಗಿ ಕಾಣುವುದನ್ನು ಇದರೊಡನೆ ಹೋಲಿಸಿ ನೋಡಬಹುದು. ವಿಕಿಸೋರ್ಸಿನ ‘ಪ್ರೂಫ್‌ರೀಡ್ ಪೇಜ್’ ಮೂಲಗ್ರಂಥದ ಪುಟಚಿತ್ರವನ್ನು ಅಕ್ಷರಪಾಠದ ಪಕ್ಕದಲ್ಲಿಯೇ ತೋರಿಸುವುದರಿಂದ, ಪಾಠಶೋಧನೆ ಮಾಡುವವರಿಗೆ ವಿಶೇಷವಾಗಿ ಉಪಯುಕ್ತವಾಗಿದೆ.

ಆದರೆ ಅಪಾಯವೂ ಉಂಟು. ಸುಮಾರು ಎರಡು ಲಕ್ಷ ತಾಣಗಳಲ್ಲಿದ್ದ ‘ಡಿಸ್‌ಪ್ಲೇ ವಿಜೆಟ್ಸ್’ ಎಂಬ ವರ್ಡ್‌ಪ್ರೆಸ್ ಪ್ಲಗಿನ್ ೨೦೧೭ರಲ್ಲಿ ಮಾರಾಟವಾಗಿ ಕೈಬದಲಾಯಿತು. ಹೊಸ ಒಡೆಯರ ಆವೃತ್ತಿಗಳಲ್ಲಿ ಗುಪ್ತದ್ವಾರವೊಂದು ಸೇರಿಕೊಂಡು, ತಾಣದವರಿಗೆ ತಿಳಿಯದಂತೆ ಪರರ ಬರೆಹವನ್ನು ಪ್ರಕಟಿಸತೊಡಗಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್ಸಿನ ಅಧಿಕೃತ ಭಂಡಾರದಿಂದ ಅದನ್ನು ತೆಗೆದುಹಾಕಲಾಯಿತು. ಐತಿಹಾಸಿಕ ದಾಖಲೆಗಳ ತಾಣದಲ್ಲಿ ಇಂಥದು ನಡೆದರೆ, ಪ್ರಕ್ಷೇಪ ಯಾವುದು, ಮೂಲ ಯಾವುದು ಎಂಬ ಸಂಶಯ ಹುಟ್ಟಿ ಆಕರದ ಪ್ರಾಮಾಣ್ಯವೇ ಶಿಥಿಲವಾಗುತ್ತದೆ.

ಆದ್ದರಿಂದ ಉಪಾಂಗವನ್ನು ಅಳವಡಿಸುವ ಮೊದಲು ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಕಡೆಯ ಪರಿಷ್ಕರಣ ಎಂದು ಆಯಿತು ಎಂಬುದನ್ನು ವಿಚಾರಿಸಬೇಕು. ಕಡತಗಳ ಮತ್ತು ದತ್ತಸಂಚಯದ ಪ್ರತಿಯನ್ನು ಬೇರೆಡೆ ಇರಿಸಿ, ಮೊದಲು ಪ್ರತ್ಯೇಕವಾದ ನಕಲಿನಲ್ಲಿ ಪರೀಕ್ಷಿಸಬೇಕು. ಬೇಡವಾದುದನ್ನು ನಿಷ್ಕ್ರಿಯಗೊಳಿಸಿದರೆ ಸಾಲದು. ಅದರ ಕಡತಗಳು ಯಂತ್ರದಲ್ಲಿ ಉಳಿದೇ ಇರುವುದರಿಂದ ಪೂರ್ತಿಯಾಗಿ ತೆಗೆಯಬೇಕು. ಹೆಸರು, ಆವೃತ್ತಿ, ದಿನಾಂಕ, ಉದ್ದೇಶ ಇವುಗಳನ್ನು ಒಂದು ದಫ್ತರಿನಲ್ಲಿ ಬರೆದಿಡುವುದೂ ಅವಶ್ಯ. ಮೀಡಿಯಾವಿಕಿಯು ತನ್ನ ಉಪಾಂಗಗಳ ಪಟ್ಟಿಯನ್ನು ಆವೃತ್ತಿಯ ಪುಟದಲ್ಲಿ ತಾನೇ ತೋರಿಸುತ್ತದೆ. ಈ ಪದ್ಧತಿ ಅನುಕರಣೀಯ.

ಎಲ್ಲ ಉಪಾಂಗಗಳನ್ನೂ ಕಳಚಿದ ಮೇಲೆಯೂ ದಾಖಲೆಯ ಪಾಠ ಓದಲು ದೊರೆಯುವುದೇ ಎಂಬುದು ನಮಗೆ ತೋರುವ ಮುಖ್ಯ ಪರೀಕ್ಷೆ. ಸತ್ತೇಗಾಲದಂತೆ ಆಡಳಿತದ ಗಡಿಗಳು ಬದಲಾದ ಊರುಗಳ ದಾಖಲೆಗಳು ಮೊದಲೇ ಹಲವು ಕಡೆ ಚದುರಿವೆ. ಅವುಗಳನ್ನು ಒಂದೆಡೆ ತರುವ ನಮ್ಮ ಕಾಲೇಜುಗಳು ಈ ಪರೀಕ್ಷೆಯನ್ನು ಆರಂಭದಲ್ಲಿಯೇ ನಡೆಸುವುದು ಉಚಿತ.