ಪೌರತ್ವದ ಹೊಸ್ತಿಲಲ್ಲಿ ಪೊಲೀಸ್ ಸಮವಸ್ತ್ರ

ಅಮೆರಿಕದಲ್ಲಿ ಪೊಲೀಸ್ ಸಮವಸ್ತ್ರಕ್ಕೂ ಪೌರತ್ವಕ್ಕೂ ಬೆಸೆದುಕೊಂಡ ನಂಟು ಎಲ್ಲ ಕಾಲಕ್ಕೂ ಒಂದೇ ಬಗೆಯದಾಗಿರಲಿಲ್ಲ. ಶಾಸನಸಭೆಗಳೂ ನ್ಯಾಯಾಲಯಗಳೂ ಅದನ್ನು ಒಮ್ಮೆ ಬಿಗಿಗೊಳಿಸಿ, ಮತ್ತೊಮ್ಮೆ ಸಡಿಲಿಸಿ ಇಂದಿನ ರೂಪಕ್ಕೆ ತಂದಿವೆ. ನ್ಯೂಯಾರ್ಕ್ ನಗರದಲ್ಲಿ 1845ರಲ್ಲಿ ಸಂಘಟಿತ ಪೊಲೀಸ್ ಪಡೆ ಅಸ್ತಿತ್ವಕ್ಕೆ ಬಂದು ಹತ್ತು ವರ್ಷ ತುಂಬುವಷ್ಟರಲ್ಲಿ, ಅದರ ಸುಮಾರು ಕಾಲು ಭಾಗದಷ್ಟು ಸಿಬ್ಬಂದಿ ಐರ್ಲೆಂಡಿನಲ್ಲಿ ಹುಟ್ಟಿದವರಾಗಿದ್ದರು. ಐದು ವರ್ಷಗಳ ವಾಸದ ನಂತರ ಪೌರತ್ವ ನೀಡುತ್ತಿದ್ದ 1802ರ ಕಾಯಿದೆಯ ನೆರಳಿನಲ್ಲಿ, ವಾರ್ಡಿನ ರಾಜಕೀಯ ಮುಖಂಡರು ವಲಸಿಗನಿಗೆ ಪೌರತ್ವದ ಕಾಗದವನ್ನೂ ಸರ್ಕಾರಿ ನೌಕರಿಯನ್ನೂ ಕೊಡಿಸಿ, ಅವನ ಮತವನ್ನು ತಮ್ಮದಾಗಿಸಿಕೊಳ್ಳುತ್ತಿದ್ದರು.

ಆದರೆ ಈ ದಾರಿ ಎಲ್ಲರಿಗೂ ತೆರೆದಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತದ್ದರಿಂದ, 1946ರಲ್ಲಿ ಕಾನೂನು ಬದಲಾಗುವವರೆಗೂ, ಪೌರತ್ವವನ್ನು ಕೇಳುವ ಯಾವುದೇ ಹುದ್ದೆ ಭಾರತದಿಂದ ಹೋದವರಿಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲೇ ಆಗಿತ್ತು.

ವಿದೇಶೀಯರನ್ನು ಸ್ಪರ್ಧಾತ್ಮಕ ನಾಗರಿಕ ಸೇವೆಯಿಂದ ಸಾರಾಸಗಟಾಗಿ ಹೊರಗಿಟ್ಟಿದ್ದ ನ್ಯೂಯಾರ್ಕ್ ಕಾನೂನನ್ನು ಇದೇ ನ್ಯಾಯಾಲಯ 1973ರಲ್ಲಿ ರದ್ದುಪಡಿಸಿತಾದರೂ, ರಾಜ್ಯದ ಆಳ್ವಿಕೆಯಲ್ಲಿ ನೇರವಾಗಿ ಪಾಲ್ಗೊಳ್ಳುವ ಹುದ್ದೆಗಳನ್ನು ಪೌರರಿಗೇ ಮೀಸಲಿಡಲು ಅವಕಾಶವನ್ನು ಉಳಿಸಿತು. ಆ ಅವಕಾಶದ ಅಳತೆ ಎಷ್ಟೆಂಬುದು 1978ರ ಫೋಲಿ ವಿರುದ್ಧ ಕಾನೆಲಿ ಪ್ರಕರಣದಲ್ಲಿ ತಿಳಿಯಿತು. ಅರ್ಜಿದಾರನು ಖಾಯಂ ನಿವಾಸಿ, ಎಂದರೆ ಅನಿರ್ದಿಷ್ಟ ಕಾಲ ನೆಲೆಸಿ ದುಡಿಯುವ ಹಕ್ಕು ಪಡೆದು ಪೌರತ್ವದ ಸರದಿಗಾಗಿ ಕಾದಿದ್ದವನು. ಆದರೂ ನ್ಯೂಯಾರ್ಕ್ ರಾಜ್ಯ ಪೊಲೀಸ್ ದಳದ ಪ್ರವೇಶ ಪರೀಕ್ಷೆಗೆ ಕೂರುವುದಕ್ಕೇ ಅವನಿಗೆ ಅನುಮತಿ ಸಿಗಲಿಲ್ಲ. ವಾಹನ ತಡೆಯುವ, ಮನೆ ಹೊಕ್ಕು ಶೋಧಿಸುವ, ಬಂಧಿಸುವ ವಿವೇಚನಾಧಿಕಾರವನ್ನು ಪೌರನಲ್ಲದವನ ಕೈಗೆ ಕೊಡದಿರಲು ರಾಜ್ಯಕ್ಕೆ ಹಕ್ಕಿದೆಯೆಂದು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬಹುಮತದ ತೀರ್ಪಿನಲ್ಲಿ ಹೇಳಿದರೆ, ಪೊಲೀಸನು ನೀತಿಯನ್ನು ರೂಪಿಸುವವನಲ್ಲ, ಇತರರು ರೂಪಿಸಿದ್ದನ್ನು ಜಾರಿಗೆ ತರುವವನೆಂದು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತದಲ್ಲಿ ವಾದಿಸಿದರು.

ಈ ತರ್ಕ ಎಲ್ಲಿಯವರೆಗೆ ಚಾಚಬಲ್ಲದೆಂಬುದನ್ನು ಕ್ಯಾಲಿಫೋರ್ನಿಯಾ ತೋರಿಸಿತು. 1961ರಿಂದ ಅಲ್ಲಿ ‘ಶಾಂತಿಪಾಲನಾಧಿಕಾರಿ’ ಎಂಬ ವರ್ಗಕ್ಕೆ, ಎಂದರೆ ಕಾನೂನು ಬಂಧನದ ಅಧಿಕಾರ ಕೊಟ್ಟ ನೌಕರರಿಗೆ, ಪೌರತ್ವ ಕಡ್ಡಾಯವಾಗಿತ್ತು. ಅದರಲ್ಲಿ ಟೋಲ್ ಸಂಗ್ರಹಿಸುವವರೂ, ಸ್ಮಶಾನದ ಮೇಲ್ವಿಚಾರಕರೂ, ಪೀಠೋಪಕರಣ ಮತ್ತು ಹಾಸಿಗೆಗಳ ತಪಾಸಕರೂ ಸೇರಿದ್ದರು. ಅಪರಾಧಿಗಳ ನಡತೆಯನ್ನು ಜೈಲಿನ ಹೊರಗೆ ಗಮನಿಸುವ ಪರಿವೀಕ್ಷಣಾಧಿಕಾರಿ ಹುದ್ದೆಯನ್ನು ಬಯಸಿದ್ದ ವಲಸಿಗರು ಇದನ್ನು ಪ್ರಶ್ನಿಸಿದಾಗ, 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು 5–4ರ ಅಂತರದಲ್ಲಿ ರಾಜ್ಯದ ಪರವಾಗಿ ನಿಂತಿತು.

ಆದರೆ ಈ ತೀರ್ಪುಗಳು ಪೌರತ್ವವನ್ನು ಕೇಳಲು ರಾಜ್ಯಗಳಿಗೆ ಅನುಮತಿ ನೀಡಿದವೇ ಹೊರತು ಕೇಳಲೇಬೇಕೆಂದು ಕಟ್ಟುಮಾಡಲಿಲ್ಲ. ಆದ್ದರಿಂದಲೇ ಕ್ಯಾಲಿಫೋರ್ನಿಯಾ 2022ರಲ್ಲಿ ತನ್ನ ನಿಯಮವನ್ನು ತಾನೇ ಕೈಬಿಟ್ಟು, 2023ರ ಜನವರಿಯಿಂದ ದುಡಿಯುವ ಕಾನೂನುಬದ್ಧ ಹಕ್ಕುಳ್ಳವರಿಗೆ ಆ ಹುದ್ದೆಗಳನ್ನು ತೆರೆಯಿತು. ಇಲಿನಾಯ್ 2023ರಲ್ಲಿ ಅದೇ ಹಾದಿ ಹಿಡಿಯಿತು.

ಇಷ್ಟೆಲ್ಲ ವಾದವಿವಾದಗಳ ನಡುವೆಯೂ ಖಾಯಂ ನಿವಾಸಿಯು ಅಮೆರಿಕದ ಸೇನೆಗೆ ಸೇರಬಹುದಾಗಿತ್ತು. ಆ ದೇಶಕ್ಕಾಗಿ ಪ್ರಾಣ ಕೊಡಲು ಅರ್ಹನಾದವನು ಅದರ ಬೀದಿಯೊಂದನ್ನು ಕಾಯಲು ಅನರ್ಹನೆನಿಸಿಕೊಂಡಿದ್ದನು. ಸೇನೆಯ ಬಾಗಿಲಲ್ಲಿ ಪ್ರಮಾಣವಚನ ಮತ್ತು ತರಬೇತಿಯನ್ನು ನಂಬಿದ ವ್ಯವಸ್ಥೆ ಠಾಣೆಯ ಬಾಗಿಲಲ್ಲಿಯೂ ಅವನ್ನೇ ನಂಬಬಹುದೆಂಬ ತಿಳಿವಳಿಕೆಗೆ ಬರಲು ಕ್ಯಾಲಿಫೋರ್ನಿಯಾಕ್ಕೆ ಅರವತ್ತೊಂದು ವರ್ಷ ಹಿಡಿಯಿತು.