ಮಂಜು ಬೀಳುವುದಿಲ್ಲ

ನಮ್ಮ ಕಡೆ ಬಯಲಾಟಕ್ಕೆ ಹೊರಟರೆ ಹೆಗಲ ಮೇಲೊಂದು ಬೈರಾಸು ಇರಲೇಬೇಕಿತ್ತು. ಮಂದಾರ್ತಿ ಮೇಳವೋ ಮಾರಣಕಟ್ಟೆ ಮೇಳವೋ, ಬ್ರಹ್ಮಾವರದ ಆಚೆಗಿನ ಗದ್ದೆಯೋ ಕುಂದಾಪುರದ ಈಚೆಗಿನ ಬಯಲೋ, ರಾತ್ರಿ ಹನ್ನೆರಡು ದಾಟಿತೆಂದರೆ ನೋಡುವವರೆಲ್ಲ ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿರುತ್ತಿದ್ದರು. "ತಲಿಗೆ ಸುತ್ಕೊ ಮಾಣಿ, ಮಂಜ್ ಬೀಳತ್ತ್" ಅಂತ ಅಮ್ಮಮ್ಮ ನನಗೂ ಒಂದು ಸುತ್ತು ಸುತ್ತುತ್ತಿದ್ದರು.

ಇಂಜಿನಿಯರಿಂಗ್ ಸೇರಿದ ಮೇಲೆ ನನಗೆ ಜ್ಞಾನೋದಯವಾಯಿತು. ಮಂಜು ಮಳೆಯಂತೆ ಮೇಲಿಂದ ಬೀಳುವುದಲ್ಲ, ಗಾಳಿಯಲ್ಲಿರುವ ಆವಿಯೇ ತಣ್ಣನೆಯ ವಸ್ತುವಿನ ಮೇಲೆ ನೀರಾಗುವುದು, ಬೈರಾಸು ಸುತ್ತಿ ಏನು ಪ್ರಯೋಜನ ಅಂತ ಅಮ್ಮಮ್ಮನಿಗೆ ಪಾಠ ಮಾಡಿದೆ. ಅವರು "ಹೌದಾ" ಅಂದು, ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿಕೊಂಡರು :-)

ಇದೆಲ್ಲ ನೆನಪಾದದ್ದು 2023ರ ಜನವರಿಯಲ್ಲಿ. ಸಿ/2022 ಇ3 ಅನ್ನುವ ಧೂಮಕೇತು ಬಂದಿತ್ತಲ್ಲ, ಹಸಿರು ಧೂಮಕೇತು ಅಂತ ಟಿವಿಯವರು ಕೂಗಾಡಿದ್ದು? ಹಿಂದಿನ ಸಲ ಅದು ಇತ್ತ ಬಂದದ್ದು ಅಂದಾಜು 50,000 ವರ್ಷದ ಕೆಳಗೆ. ಜನವರಿ 21ಕ್ಕೆ ಅಮಾವಾಸ್ಯೆ, ಮರುದಿನ ಭಾನುವಾರ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಆರು ಇಂಚಿನ ಟೆಲಿಸ್ಕೋಪನ್ನು ಬೆಂಗಳೂರಿನಿಂದ ಬಸ್ಸಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬೈಂದೂರಿನ ಹತ್ತಿರದ ಅಮ್ಮಮ್ಮನ ಮನೆಗೆ ತಂದಿದ್ದೆ. ಬೆಳಗಿನ ಜಾವ ಐದಕ್ಕೆ ಧೂಮಕೇತು ಈಶಾನ್ಯದಲ್ಲಿ, ಕೊಡಚಾದ್ರಿಯ ದಿಕ್ಕಿನಿಂದ ಎಡಕ್ಕೆ. ಎಂಬತ್ತು ದಾಟಿದ ಅಮ್ಮಮ್ಮ ಕೋಲು ಹಿಡಿದು ಗದ್ದೆಯ ಅಂಚಿನಲ್ಲಿ ನಿಧಾನವಾಗಿ ನಡೆದು ಬಂದರು, ತಲೆಗೆ ಬೈರಾಸು ಸುತ್ತಿಕೊಂಡೇ. ಬಗ್ಗಿ ಕಣ್ಣಿಟ್ಟರು.

"ಎಂತದೂ ಕಾಂತಿಲ್ಲೆ ಮಾಣಿ."

ಟಾರ್ಚ್ ಹಾಕಿ ನೋಡಿದರೆ ಮುಂದಿನ ಗಾಜು ಪೂರ್ತಿ ಹಾಲು ಬಿಳುಪು. ಒರೆಸಿದೆ. ಎರಡು ನಿಮಿಷಕ್ಕೆ ಮತ್ತೆ ಬಿಳಿ. ಮತ್ತೆ ಒರೆಸಿದೆ. ಅಷ್ಟರಲ್ಲಿ ಪೂರ್ವ ಬೆಳ್ಳಗಾಯಿತು. ಮರುದಿನ ಆಫೀಸು, ರಾತ್ರಿಯೇ ಬಸ್ಸು. ಧೂಮಕೇತು ಅದರ ಪಾಡಿಗೆ ಹೋಯಿತು.

ಆಮೇಲೆ ಹಟಕ್ಕೆ ಬಿದ್ದು ಮಂಜಿನ ಚರಿತ್ರೆ ಓದಿದೆ. ಇದರ ಬಗ್ಗೆ ದೊಡ್ಡ ಜಗಳವೇ ನಡೆದಿದೆ ಮಾರಾಯ್ರೆ! ಮೇಲಿಂದ ಬೀಳುತ್ತದೆ ಅನ್ನುವವರು ಒಂದು ಕಡೆ, ನೆಲದಿಂದ ಏಳುತ್ತದೆ ಅನ್ನುವವರು ಇನ್ನೊಂದು ಕಡೆ. 1730ರ ದಶಕದಲ್ಲಿ ಫ್ರಾನ್ಸಿನ ದ್ಯುಫೇ ಏಣಿ ನಿಲ್ಲಿಸಿ, ಬೇರೆ ಬೇರೆ ಎತ್ತರದಲ್ಲಿ ಗಾಜಿನ ಹಾಳೆ ಕಟ್ಟಿ, ಯಾವುದು ಮೊದಲು ಒದ್ದೆಯಾಗುತ್ತದೆ ಅಂತ ಕಾದು ಕೂತಿದ್ದ. ಜಗಳ ಬಗೆಹರಿಸಿದವನು ವಿಲಿಯಂ ಚಾರ್ಲ್ಸ್ ವೆಲ್ಸ್. ಹುಟ್ಟಿದ್ದು 1757ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ, ಡಾಕ್ಟರಿಕೆ ಮಾಡಿದ್ದು ಲಂಡನ್ನಿನಲ್ಲಿ. ಮಂಜಿನ ಬಗ್ಗೆ ಅವನ ಪುಸ್ತಕ ಬಂದದ್ದು 1814ರಲ್ಲಿ. (ಡಾರ್ವಿನ್ನನಿಗಿಂತ ಎಷ್ಟೋ ಮೊದಲು ನೈಸರ್ಗಿಕ ಆಯ್ಕೆಯ ಯೋಚನೆ ಹೊಳೆದವನೂ ಇವನೇ. ಅದು ಬೇರೆ ಕಥೆ.)

ಅವನ ಪ್ರಯೋಗಗಳು ನನಗೆ ಹಿಡಿಸಿಬಿಟ್ಟವು. ಖರ್ಚೇ ಇಲ್ಲ! ಹತ್ತು ಗ್ರೇನ್ ತೂಕದ ಉಣ್ಣೆಯ ಉಂಡೆಗಳನ್ನು ರಾತ್ರಿ ಹೊರಗಿಡುವುದು, ಆಮೇಲೆ ತೂಗಿ ಎಷ್ಟು ನೀರು ಕುಡಿದಿದೆ ನೋಡುವುದು. ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ಒಂದು ಹಲಗೆಯ ಮೇಲ್ಭಾಗಕ್ಕೊಂದು ಉಂಡೆ, ಅಡಿಭಾಗಕ್ಕೊಂದು. ಮೇಲಿನದು 14 ಗ್ರೇನ್ ನೀರು ಹಿಡಿಯಿತು, ಕೆಳಗಿನದು 4. ಇದನ್ನು ನೋಡಿದರೆ ಅಮ್ಮಮ್ಮನೇ ಸರಿ, ಮಂಜು ಬೀಳುತ್ತದೆ ಅನ್ನಿಸುತ್ತದೆ. ಹಾಗಾಗಿ ವೆಲ್ಸ್ ಇನ್ನೊಂದು ಮಾಡಿದ. ಹುಲ್ಲಿನ ಮೇಲೆ ಸುಟ್ಟ ಮಣ್ಣಿನ ಒಂದು ಕೊಳವೆ ನಿಲ್ಲಿಸಿದ. ಎರಡೂವರೆ ಅಡಿ ಎತ್ತರ, ಒಂದು ಅಡಿ ಅಗಲ, ಮೇಲುಗಡೆ ತೆರೆದೇ ಇದೆ. ಒಳಗೊಂದು ಉಂಡೆ, ಹೊರಗೆ ಬಯಲಿನಲ್ಲೊಂದು. ಗಾಳಿ ಇರಲಿಲ್ಲ. ಮಳೆಯಾಗಿದ್ದರೆ ಎರಡಕ್ಕೂ ಸಮನಾಗಿ ಬೀಳಬೇಕು. ಆದರೆ ಹೊರಗಿನದು 16 ಗ್ರೇನ್ ಹಿಡಿದರೆ ಒಳಗಿನದು ಎರಡು ಗ್ರೇನಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಅಂದರೆ ಲೆಕ್ಕಕ್ಕೆ ಬರುವುದು ಆ ವಸ್ತುವಿಗೆ ಎಷ್ಟು ಆಕಾಶ ಕಾಣುತ್ತದೆ ಅನ್ನುವುದು. ಮೋಡವಿಲ್ಲದ ರಾತ್ರಿ ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಆಕಾಶಕ್ಕೆ ಸುರಿಯುತ್ತಿರುತ್ತದೆ. ಹಾಗೆ ಸುರಿದು ಸುತ್ತಲಿನ ಗಾಳಿಗಿಂತ ತಣ್ಣಗಾದ ಮೇಲೆಯೇ ಅದರ ಮೇಲೆ ನೀರು ಕೂರುವುದು. ಮಂಜು ಕೂತು ತಣ್ಣಗಾಗುವುದಲ್ಲ, ತಣ್ಣಗಾಗಿ ಮಂಜು ಕೂರುವುದು. ವೆಲ್ಸನಿಗಿಂತ ಮೊದಲು ಹಲವರು ಇದನ್ನು ತಿರುಗಾಮುರುಗ ತಿಳಿದಿದ್ದರು. ಬಂಗಾಳದ ಕಡೆ ಹುಲ್ಲಿನ ಮೇಲೆ ಅಗಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಚಳಿಗಾಲದ ರಾತ್ರಿ ಮಂಜುಗಡ್ಡೆ ಮಾಡುತ್ತಿದ್ದುದನ್ನೂ ಅವನು ಇದೇ ಲೆಕ್ಕದಲ್ಲಿ ಬಿಡಿಸಿದ್ದಾನೆ.

ನಾನು ಪುಸ್ತಕ ಮುಚ್ಚಿ ಕೂತದ್ದು ಇನ್ನೊಂದು ಜಾಗದಲ್ಲಿ. ತೋಟದ ಮಾಲಿಗಳು ಎಳೆ ಗಿಡಗಳ ಮೇಲೆ ತೆಳ್ಳನೆಯ ಚಾಪೆ ಹೊದಿಸುವುದನ್ನು ನೋಡಿ ವೆಲ್ಸ್ ಮೊದಲು ನಗುತ್ತಿದ್ದನಂತೆ, ಇಷ್ಟು ತೆಳು ಚಾಪೆಯಿಂದ ಚಳಿ ತಡೆಯುವುದುಂಟೇ ಅಂತ. ಅರೆಬರೆ ತಿಳಿದುಕೊಂಡು ಜಂಬಪಟ್ಟೆ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಚಾಪೆ ಆಕಾಶವನ್ನು ಮರೆಮಾಡುತ್ತದೆ, ಅಷ್ಟು ಸಾಕು. ಬೈರಾಸೂ ಅದನ್ನೇ ಮಾಡುತ್ತದೆ. ಕಾರಣ ತಪ್ಪಿರಬಹುದು, ಅಮ್ಮಮ್ಮನ ಉಪಾಯ ತಪ್ಪಿರಲಿಲ್ಲ.

ವೆಲ್ಸನ ಮಣ್ಣಿನ ಕೊಳವೆಯನ್ನು ಅಡ್ಡ ಮಲಗಿಸಿ ನೋಡಿ. ದೂರದರ್ಶಕದ ಲೆನ್ಸಿನ ಮುಂದೆ ಸಿಗಿಸುವ ಉದ್ದ ಕೊಳವೆ, ಡ್ಯೂ ಕ್ಯಾಪ್ ಅಂತಾರಲ್ಲ, ಅದು ಇದೇ. ನ್ಯೂಟನ್ ಮಾದರಿಯ ಟೆಲಿಸ್ಕೋಪಿನಲ್ಲಿ ದೊಡ್ಡ ಕನ್ನಡಿ ಕೊಳವೆಯ ತಳದಲ್ಲಿರುವುದರಿಂದ ಅದಕ್ಕೂ ಮಂಜು ಅಷ್ಟಾಗಿ ಹಿಡಿಯುವುದಿಲ್ಲ.

ಸೂರ್ಯನನ್ನು ನೋಡುವವರಿಗೆ ಈ ಕಾಟ ಇನ್ನೂ ಕಡಿಮೆ. 1871ರ ಡಿಸೆಂಬರ್ 12ರ ಬೆಳಿಗ್ಗೆ ನಮ್ಮ ಕರಾವಳಿಯಲ್ಲಿ ಖಗ್ರಾಸ ಸೂರ್ಯಗ್ರಹಣವಾದಾಗ ಇಂಗ್ಲೆಂಡಿನ ನಾರ್ಮನ್ ಲಾಕ್‌ಯರ್ ತನ್ನ ತಂಡದೊಂದಿಗೆ ಬೇಕಲ ಕೋಟೆಯ ಮೇಲೆ ದುರ್ಬೀನು ಹೂಡಿದ್ದ. ಆಗ ಬೇಕಲವೂ ಕುಂದಾಪುರವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಡಿಸೆಂಬರಿನ ಬೆಳಗು ನಮ್ಮಲ್ಲಿ ಹೇಗಿರುತ್ತದೆ ಗೊತ್ತಲ್ಲ, ಹುಲ್ಲೆಲ್ಲ ತೊಯ್ದಿರುತ್ತದೆ. ಆದರೆ ಅವನ ಗಾಜನ್ನು ಬೆಚ್ಚಗಿಡಲು ಎದುರಿಗೆ ಸೂರ್ಯನೇ ಇದ್ದ. ರಾತ್ರಿ ನೋಡುವವರು ಆ ಶಾಖವನ್ನು ಬೇರೆ ಕಡೆಯಿಂದ ತರಬೇಕು.

ಅದರ ಅಗತ್ಯ ಜೋರಾಗಿ ಬಿದ್ದದ್ದು 1970ರ ನಂತರ. ಆ ವರ್ಷ ಅಮೆರಿಕದ ಸೆಲೆಸ್ಟ್ರಾನ್ ಕಂಪನಿ ಸಿ8 ಅನ್ನುವ ಎಂಟು ಇಂಚಿನ ಶ್ಮಿಟ್-ಕ್ಯಾಸೆಗ್ರೇನ್ ಟೆಲಿಸ್ಕೋಪು ತಂದಿತು. ಚಿಕ್ಕದು, ಹೊರಲು ಸುಲಭ, ಹವ್ಯಾಸಿಗಳು ಮುಗಿಬಿದ್ದರು. ಆದರೆ ಈ ಮಾದರಿಯಲ್ಲಿ ತೆಳ್ಳನೆಯ ಗಾಜೊಂದು ಕೊಳವೆಯ ಬಾಯಲ್ಲೇ ಆಕಾಶಕ್ಕೆ ಮುಖ ಕೊಟ್ಟು ನಿಂತಿರುತ್ತದೆ, ಥೇಟು ವೆಲ್ಸನ ಹಲಗೆ ಮೇಲಿನ ಉಂಡೆಯ ಹಾಗೆ. ನನ್ನದೂ ಇದೇ ಜಾತಿ. ಜನ ಹೇರ್ ಡ್ರೈಯರ್ ಹಿಡಿದು ನಿಂತರು, ರೆಸಿಸ್ಟರುಗಳನ್ನು ಸಾಲಾಗಿ ಬೆಸೆದು ಸುತ್ತಿದರು. 1906ರಲ್ಲಿ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದ ನೈಕ್ರೋಮ್ ತಂತಿ, ನಮ್ಮ ಇಸ್ತ್ರಿಪೆಟ್ಟಿಗೆಯೊಳಗೆ ಕಾಯುವುದು, ಅದೂ ಪಟ್ಟಿಯೊಳಗೆ ಸೇರಿತು. 1990ರ ದಶಕದ ಹೊತ್ತಿಗೆ ಕೆನಡಾದ ಕೆಂಡ್ರಿಕ್ ಪಟ್ಟಿಗಳು ಹವ್ಯಾಸಿಗಳ ನಡುವೆ ಹೆಸರಾಗಿದ್ದವು.

ನಾನು ಎಸ್‌ಪಿ ರೋಡಿಗೆ ಹೋಗಿ 330 ಓಮ್‌ನ ಅರ್ಧ ವ್ಯಾಟಿನ ರೆಸಿಸ್ಟರ್ 16 ತಂದೆ. ಎಲ್ಲವನ್ನೂ ಸಮಾಂತರವಾಗಿ ಬೆಸೆದು, ಬಟ್ಟೆಯ ಪಟ್ಟಿಯೊಳಗೆ ಹೊಲಿದು, ಗಾಜಿನ ಅಂಚಿಗೆ ಸುತ್ತಿದೆ. ಯುಪಿಎಸ್‌ನ 12 ವೋಲ್ಟಿನ ಬ್ಯಾಟರಿ ಕೊಟ್ಟರೆ ಒಂದೊಂದಕ್ಕೂ 0.44 ವ್ಯಾಟಿನ ಹಾಗೆ ಒಟ್ಟು 7 ವ್ಯಾಟ್. ಮುಟ್ಟಿದರೆ ಉಗುರು ಬೆಚ್ಚಗೆ. ಇಷ್ಟರಿಂದ ಆಗುತ್ತದಾ ಅಂತ ನನಗೇ ಅನುಮಾನವಿತ್ತು. ಆದರೆ ಲೆಕ್ಕ ನೋಡಿ: ನಮ್ಮ ಕರಾವಳಿಯ ರಾತ್ರಿಯಲ್ಲಿ ಗಾಳಿ 21 ಡಿಗ್ರಿ, ತೇವಾಂಶ ನೂರಕ್ಕೆ 95 ಇದ್ದರೆ ಗಾಜು ಸುಮಾರು 20 ಡಿಗ್ರಿಗೆ ಇಳಿದರೆ ಸಾಕು, ಮಂಜು ಹಿಡಿಯುತ್ತದೆ. ಸೋಲು ಗೆಲುವಿನ ಅಂತರ ಒಂದೇ ಡಿಗ್ರಿ! ಗಾಜನ್ನು ಕಾಯಿಸಬೇಕಾಗಿಲ್ಲ, ಅದು ಆಕಾಶಕ್ಕೆ ಕಳೆದುಕೊಳ್ಳುವುದನ್ನು ತುಂಬಿಕೊಟ್ಟರೆ ಆಯಿತು. ಜಾಸ್ತಿ ಕಾಯಿಸಿದರೆ ಗಾಜಿನ ಮುಂದಿನ ಗಾಳಿ ಕುಣಿದು ಚಿತ್ರವೇ ಕೆಡುತ್ತದೆ. ಇನ್ನೊಂದು, ಮಂಜು ಹಿಡಿಯುವ ಮೊದಲೇ ಹಾಕಬೇಕು. ಹಿಡಿದ ಮೇಲೆ ಹಾಕಿದರೆ ಒಣಗುವಷ್ಟರಲ್ಲಿ ಬೆಳಗಾಗಿರುತ್ತದೆ.

2024ರ ಜನವರಿಯಲ್ಲಿ ಮತ್ತೆ ಅದೇ ಗದ್ದೆ. ಕಾಲಡಿಯ ಹುಲ್ಲು ಒದ್ದೆ, ಟೆಲಿಸ್ಕೋಪಿನ ಕೊಳವೆ ಒದ್ದೆ, ನನ್ನ ತಲೆಯೂ ಒದ್ದೆ. ಗಾಜು ಮಾತ್ರ ಒಣಗಿತ್ತು. ಅಮ್ಮಮ್ಮ ಗುರುವನ್ನೂ ಅದರ ನಾಲ್ಕು ಚಂದ್ರರನ್ನೂ ತುಂಬಾ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ, "ಹೋದ್ ವರ್ಷ ಒಂದ್ ಬಾಲದ್ದ್ ತೋರಿಸ್ತೆ ಅಂದಿದ್ಯಲ್ದಾ, ಅದೆಲ್ಲಿತ್ತ್?" ಅಂದರು.

"ಅದ್ ಹೋಯ್ತ್ ಅಮ್ಮಮ್ಮ."

"ಹೋಯ್ಲಿ. ನೀ ತಲಿಗೆ ಸುತ್ಕೊ" ಅಂದು ಬೈರಾಸು ಬಿಚ್ಚಿ ನನ್ನ ಕೈಗೆ ಕೊಟ್ಟರು.